ಇಲ್ಲಿ ಒಂದು ನಕಾಶೆ ಇದೆ

ಏಪ್ರಿಲ್ ತಿಂಗಳಿಡೀ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಅವ್ವ ಮಿಕ್ಸಿ ತಿರುಗಿಸುವುದೆಲ್ಲ ಒಂದೂವರೆಯೊಳಗೆ. ಕುಕ್ಕರ್ ಕೂಗುವುದು ಅದಕ್ಕೂ ಮೊದಲು. ಹುಂಜವನ್ನು ಹಿಡಿದು, ಬುಟ್ಟಿ ಕವುಚಿ, ಮೇಲೆ ಗೋಣಿಚೀಲ ಹೊದಿಸಿ, ರಾತ್ರಿಯಾಯಿತೆಂದು ಅದನ್ನು ನಂಬಿಸುವುದು ನನ್ನ ಕೆಲಸ. ಮೀನಿನ ಗಾಡಿಯವನು ಧಾರೇಶ್ವರದ ಕಡೆಯಿಂದ ಹಾರ್ನ್ ಒತ್ತುತ್ತ ಬರುವ ಹೊತ್ತಿಗೆ ಅವ್ವ ಹೆದ್ದಾರಿಯವರೆಗೆ ಓಡಿ, ಎರಡೂ ಕೈ ಬೀಸಿ ಅವನನ್ನು ತಡೆಯುತ್ತಿದ್ದಳು.

"ಎಂತ ಆತ್ರಾ? ಮನೆಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದು ಮೊದಲ ದಿನ ಅವನು ಹೆದರಿದ್ದ.

"ಇಲ್ಲ ಮಾರಾಯಾ. ದಿವಾಕರ ಪುಸ್ತಕ ಓದ್ತಾ ಇವ್ನೆ."

"ಪುಸ್ತಕ ಓದೂಕೆ ಇಷ್ಟೆಲ್ಲ ಅವಾಂತರನ?"

"ಅವ ಓದೂದು ಕಂಪ್ಯೂಟರಿಗೆ. ನೀ ಬಂಗಡೆ ಕೊಡು, ಹಾರ್ನ್ ಮಾತ್ರ ಒತ್ಬೇಡ."

ದಿವಾಕರ ನನ್ನ ಅಣ್ಣ. ಮೂರು ವರ್ಷದವನಿದ್ದಾಗ ಬಂದ ಜ್ವರದಲ್ಲಿ ಎರಡೂ ಕಣ್ಣು ಹೋದವು. ಘಟ್ಟದ ಮೇಲೆ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ, ಕಂಪ್ಯೂಟರ್ ಕಲಿತು, ಮನೆಗೆ ಬಂದು ಎರಡು ವರ್ಷವಾಗಿತ್ತು. ಬಂದವನು ಕೆಲಸ ಹುಡುಕಿದ, ಸಿಗಲಿಲ್ಲ. ಈ ವರ್ಷ ಧಾರವಾಡದ ಒಂದು ಸಂಸ್ಥೆಯವರು ಅವನ ದನಿ ಕೇಳಿ ಒಂದು ಪುಸ್ತಕ ಕಳಿಸಿದರು. ಕಣ್ಣು ಕಾಣದ ಮಕ್ಕಳು ಕೇಳಿ ಕಲಿಯುವುದಕ್ಕಾಗಿ ಪಠ್ಯಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಸಂಸ್ಥೆ ಅದು. ಭೂಗೋಳದ ಪುಸ್ತಕ, ನೂರ ಎಂಬತ್ತು ಪುಟ. ಇದು ಚೆನ್ನಾಗಿ ಬಂದರೆ ವರ್ಷಪೂರ್ತಿ ಪುಸ್ತಕ ಕೊಡುತ್ತೇವೆ, ನಮ್ಮ ಓದುಗರ ಪಟ್ಟಿಯಲ್ಲಿ ಹೆಸರು ಹಾಕುತ್ತೇವೆ ಎಂದಿದ್ದರು. ಷರತ್ತು ಒಂದೇ. ದನಿ ಚೊಕ್ಕ ಇರಬೇಕು. ಹಿಂದೆ ನಾಯಿ, ಫ್ಯಾನು, ಪಾತ್ರೆ, ಏನೂ ಕೇಳಬಾರದು.

ಕೇಳಬಾರದು ಎಂದರೆ ಹೆದ್ದಾರಿಯ ಪಕ್ಕದ ನಮ್ಮ ಮನೆಯಲ್ಲಿ ಹೇಗೆ? ಅಣ್ಣ ಒಂದು ಬೆಳಿಗ್ಗೆ ಪ್ರತಿ ಕೋಣೆಗೂ ಹೋಗಿ ಚಪ್ಪಾಳೆ ತಟ್ಟಿದ. ಅಡುಗೆಮನೆಯಲ್ಲಿ ತಟ್ಟಿ ಮುಖ ಕಿವುಚಿದ. ಜಗಲಿಯಲ್ಲಿ ತಟ್ಟಿ ತಲೆ ಅಲ್ಲಾಡಿಸಿದ. ಹಿಂದಿನ ಕೋಣೆಯಲ್ಲಿ ತಟ್ಟಿದವನು ನಗತೊಡಗಿದ.

"ಅಂಕಿತಾ, ಬಾ ಇಲ್ಲಿ. ಕೇಳು. ಸದ್ದು ಅಲ್ಲಲ್ಲೇ ಸತ್ತೋತದೆ."

ಆ ಕೋಣೆಯಲ್ಲಿ ಅಪ್ಪ ಆ ವರ್ಷದ ಈರುಳ್ಳಿ ತೂಗುಹಾಕಿದ್ದ. ನಮ್ಮ ಕುಮಟೆಯ ಸಿಹಿ ಈರುಳ್ಳಿ. ಒಣಗಿದ ಎಲೆಯನ್ನೇ ಹೆಣೆದು ಗೊಂಚಲು ಕಟ್ಟಿ, ಬಿದಿರಿನ ಗಳಕ್ಕೆ ಸಾಲಾಗಿ ಇಳಿಬಿಟ್ಟಿದ್ದು ನಾಲ್ಕೂ ಗೋಡೆ ಮುಚ್ಚಿತ್ತು. ಗೋಡೆಗೆ ತಾಗಿ ವಾಪಸ್ ಬರುವ ಸದ್ದನ್ನೆಲ್ಲ ಈರುಳ್ಳಿ ನುಂಗಿಬಿಡುತ್ತಿತ್ತು. ಅಣ್ಣ ಅಲ್ಲೇ ಮೇಜು ಹಾಕಿದ. ಬಾಯಿಂದ ಮೈಕಿಗೆ ಒಂದು ಗೇಣು, ಕೈಯಲ್ಲೇ ಅಳತೆ. ಎಡಗಿವಿಗೆ ಮಾತ್ರ ಇಯರ್‌ಫೋನು. ಕಂಪ್ಯೂಟರ್ ಅದರಲ್ಲಿ ಇಲಿ ಕಿಚಗುಟ್ಟಿದ ಹಾಗೆ ಅವಸರವಾಗಿ ಏನೇನೋ ಹೇಳುತ್ತಿತ್ತು. ದನಿ ಜಾಸ್ತಿಯಾಯಿತು, ಕಡಿಮೆಯಾಯಿತು, ಈಗ ಹನ್ನೆರಡನೇ ನಿಮಿಷ, ಹೀಗೆ. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಅವನಿಗೆ ಎಲ್ಲ ತಿಳಿಯುತ್ತಿತ್ತು. ಬಲಗಿವಿ ತನ್ನ ದನಿ ಕೇಳಲು ಖಾಲಿ. ತಪ್ಪಿದರೆ ನಿಲ್ಲಿಸಿ, ಒಂದು ಕೀಲಿ ಒತ್ತಿ ಗುರುತು ಹಾಕಿ, ವಾಕ್ಯದ ತಲೆಯಿಂದ ಮತ್ತೆ ಓದುತ್ತಿದ್ದ. ಸಂಜೆ ಕೂತು ಆ ಗುರುತುಗಳಿಗೆ ಒಂದೊಂದಾಗಿ ಹೋಗಿ, ಕೇಳಿ ಕೇಳಿ, ಬೇಡದ್ದನ್ನು ಕತ್ತರಿಸುತ್ತಿದ್ದ. ಉಸಿರು ಎಳೆದ ಸದ್ದನ್ನೂ ಅರ್ಧ ಉಳಿಸಿ ಅರ್ಧ ತೆಗೆಯುತ್ತಿದ್ದ. ಪೂರ್ತಿ ತೆಗೆದರೆ ಸತ್ತವನು ಓದಿದ ಹಾಗೆ ಕೇಳುತ್ತದಂತೆ.

ಪ್ರತಿದಿನ ಶುರುವಿಗೆ ಮೂವತ್ತು ಸೆಕೆಂಡು ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತಿದ್ದ. ಏನೂ ಇಲ್ಲದಾಗ ಕೋಣೆ ಹೇಗೆ ಗುಂಯ್‌ಗುಡುತ್ತದೆಂದು ಕಂಪ್ಯೂಟರಿಗೆ ತೋರಿಸಿದರೆ, ಆ ಗುಂಯ್ ಅನ್ನು ಅದು ಎಲ್ಲ ಕಡೆಯಿಂದ ಕಳೆದು ಕೊಡುತ್ತದೆ. "ಮೂವತ್ತು ಸೆಕೆಂಡ್!" ಎಂದು ಅವನು ಕೂಗಿದ ಕೂಡಲೇ ನಾವು ಇದ್ದಲ್ಲೇ ನಿಲ್ಲಬೇಕು. ಅವ್ವ ಸೌಟು ಹಿಡಿದುಕೊಂಡು, ಅಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡು.

ಎಲ್ಲರಿಗಿಂತ ಕಷ್ಟವಾದದ್ದು ಗಣಪಿ ಅಜ್ಜಿಗೆ. ಅಪ್ಪನ ತಾಯಿ. ಅವಳ ಕೈ ಕೆಲಸಕ್ಕೆ ಹೋದರೆ ಬಾಯಿ ಹಾಡಿಗೆ ಹೋಗುತ್ತಿತ್ತು, ಎರಡನ್ನೂ ಬೇರೆ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಗದ್ದೆ ಹಾಡು, ಮದುವೆ ಹಾಡು, ಮಗು ಮಲಗಿಸುವ ಹಾಡು.

"ಅಜ್ಜೀ, ಬಾಯಿ!" ಎಂದು ನಾನು ಪಿಸುಗುಟ್ಟುತ್ತಿದ್ದೆ.

"ಹಾಡಿದ್ನನೆ ನಾನು? ಇಲ್ಲಲೆ?"

"ಹಾಡ್ದೆ. ಅಣ್ಣನ ಪುಸ್ತಕದೊಳಗೆ ಹೋತು ಈಗ."

"ಹೋದ್ರೆ ಎಂತ ಆತು? ಆ ಮಕ್ಕಳೂ ಒಂದು ಪದ ಕೇಳ್ಲಿ."

ಕೊನೆಗೆ ಅವಳು ಎರಡಕ್ಕೆ ಸರಿಯಾಗಿ ಎಲೆ ಅಡಿಕೆ ಬಾಯಿಗೆ ತುಂಬಿಕೊಂಡು ಕೂರತೊಡಗಿದಳು. ಬಾಯಿ ತುಂಬ ಕವಳ ಇದ್ದರೆ ಹಾಡು ಹೊರಡುವುದಿಲ್ಲ.

ನನ್ನ ನಿಜವಾದ ಕೆಲಸ ಬೇರೆ ಇತ್ತು. ಪುಸ್ತಕ ಹಳೆಯದು, ಹಾಳೆ ಹಳದಿ, ಅಕ್ಷರ ಮಾಸಿದ್ದು. ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದು 'ಕರಾವಳಿ'ಯನ್ನು ಏನೇನೋ ಮಾಡಿ ಓದುತ್ತಿತ್ತು. ಹಾಗಾಗಿ ಬೆಳಿಗ್ಗೆ ನಾನು ಮಾವಿನ ಮರದ ಕೆಳಗೆ ಕೂತು ಹನ್ನೆರಡು ಪುಟ ಗಟ್ಟಿಯಾಗಿ ಓದಿ, ಆ ದನಿಯನ್ನು ಮೊಬೈಲಿನಲ್ಲಿ ತುಂಬಿಸಿ ಅವನಿಗೆ ಕಳಿಸಬೇಕು. ಅವನು ಮಧ್ಯಾಹ್ನ ಅದನ್ನು ಕಿವಿಯಲ್ಲಿ ಕೇಳುತ್ತ, ಒಂದು ವಾಕ್ಯ ಹಿಂದೆ ತನ್ನ ದನಿಯಲ್ಲಿ ಹೇಳುತ್ತ ಹೋಗುತ್ತಾನೆ. ನನ್ನ ಕಣ್ಣು, ಅವನ ಬಾಯಿ. ನನ್ನ ಬಿ.ಕಾಂ. ಎರಡನೇ ವರ್ಷದ ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ಈ ಕೆಲಸ ಬೇಡವೆನ್ನಲು ನೆವ ಇರಲಿಲ್ಲ.

ಎರಡನೇ ವಾರ ಧನ್ಯಾಳ ಮೆಸೇಜು ಬಂತು. ಕ್ಲಾಸಿನವರೆಲ್ಲ ಹೊನ್ನಾವರದ ಹತ್ತಿರದ ಕಾಸರಕೋಡ ಬೀಚಿಗೆ ಹೋಗುತ್ತಿದ್ದಾರೆ, ಹನ್ನೊಂದರ ಬಸ್ಸು, ನೀನು ಬರದಿದ್ದರೆ ಸತ್ತೆ. ನಾನು ಹತ್ತಕ್ಕೆ ಓದಲು ಕೂತೆ. ಮಧ್ಯೆ ಯಾವ ಡ್ರೆಸ್ಸು ಎಂದು ಅವಳು, ನೀಲಿ ಎಂದು ನಾನು. ಎಂಬತ್ತಮೂರನೇ ಪುಟಕ್ಕೆ ಬರುವಾಗ ಹತ್ತೂಮುಕ್ಕಾಲು. ಮುಂದಿನ ಎರಡು ಪುಟ ಇರುವೆ ಸಾಲಿನಂಥ ಸಣ್ಣ ಅಕ್ಷರ. ನಾನು ಹಾಳೆ ಮಗುಚಿದೆ, ನೋಡಿದೆ, ಇನ್ನೊಂದು ಹಾಳೆ ಮಗುಚಿದೆ. ಎಂಬತ್ತಾರರಿಂದ ಓದಿ ಮುಗಿಸಿ ಕಳಿಸಿಬಿಟ್ಟೆ.

ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸುತ್ತಿರುವಾಗ ಅಣ್ಣ, ಕಳಿಸಿದ್ದನ್ನು ಆಗಲೇ ವೇಗವಾಗಿ ಓಡಿಸಿ ಕೇಳಿದವನು, ಜಗಲಿಗೆ ಬಂದ.

"ಎಂಬತ್ಮೂರು ಆದ್ಮೇಲೆ ಹಾಳೆ ಎರಡು ಸಲ ತಿರುಗ್ದ ಸದ್ದು ಬತ್ತದೆ."

ಬಸ್ಸು ಇನ್ನೇನು ಬರುವುದರಲ್ಲಿತ್ತು.

"ಅದು ನಕಾಶೆ ಅಣ್ಣ. ಓದೂಕೆ ಎಂತ ಇಲ್ಲ."

"ಎರಡೂ ಪುಟನ?"

"ಎರಡೂ ಪುಟಕ್ಕೆ ಸೇರಿ ದೊಡ್ಡದು."

"ಎಂತದ್ರ ನಕಾಶೆ?"

"ನದಿ. ಕರ್ನಾಟಕದ ನದಿಗಳು."

"ಅದ ಹೇಳ್ಬೇಕು ಮಾರಾಯ್ತಿ. ಪುಟದಲ್ಲಿ ಎಂತ ಅದೆ ಅಂತ ಕೇಳೋರಿಗೆ ಗೊತ್ತಾಗ್ಬೇಕಲೆ. ಮುಂದೆ ನಕಾಶೆ ಬಂದ್ರೆ ಹೇಳು."

"ಆತು, ಹೇಳ್ತೆ," ಎಂದವಳೇ ಓಡಿದೆ.

ಕಾಸರಕೋಡಿನಲ್ಲಿ ಮರಳಲ್ಲಿ ಕೂತು ಐಸ್‌ಕ್ರೀಮ್ ತಿಂದೆವು, ನೂರು ಫೋಟೋ ತೆಗೆದೆವು. ಸಂಜೆ ಮನೆಗೆ ಬಂದಾಗ ಅಣ್ಣ ಆ ದಿನದ್ದನ್ನು ಕತ್ತರಿಸುತ್ತಿದ್ದ. ಕಂಪ್ಯೂಟರಿನಿಂದ ಅವನ ದನಿ ಬಂತು, ಗಂಭೀರವಾಗಿ, ಸ್ಪಷ್ಟವಾಗಿ: "ಇಲ್ಲಿ ಒಂದು ನಕಾಶೆ ಇದೆ. ಕರ್ನಾಟಕದ ನದಿಗಳನ್ನು ಇದು ತೋರಿಸುತ್ತದೆ."

ನಾನು ಕಾಲಿನ ಮರಳು ತೊಳೆಯಲು ಬಾವಿಕಟ್ಟೆಗೆ ಹೋದೆ.

ಆ ವಾರದ ಕೊನೆಗೆ ಜಾಲಿ ಊರಿಂದ ಒಬ್ಬರು ವ್ಯಾಪಾರಿ ಗಾಡಿ ತಂದುಕೊಂಡು ಬಂದರು. ಇದ್ದಬದ್ದ ಈರುಳ್ಳಿಯನ್ನೆಲ್ಲ ಒಟ್ಟಿಗೇ ಒಯ್ಯುತ್ತೇನೆ ಎಂದರು. ಅಪ್ಪನಿಗೆ ಖುಷಿ. ಬಿಸಿಲಲ್ಲಿ ಹೆದ್ದಾರಿ ಬದಿ ಕೂತು ಗೊಂಚಲು ಗೊಂಚಲಾಗಿ ಮಾರುವುದು ತಪ್ಪುತ್ತದೆ. ಅಣ್ಣ ಕೋಣೆಯಿಂದ ಹೊರಗೆ ಬಂದ.

"ಅಪ್ಪಾ, ಈರುಳ್ಳಿ ಹೋದ್ರೆ ಕೋಣೆ ಟಣ್ ಅಂತದೆ. ಅರ್ಧ ಪುಸ್ತಕ ಒಂದು ದನಿ, ಅರ್ಧ ಇನ್ನೊಂದು ದನಿ ಆಗ್ತದೆ."

"ಈರುಳ್ಳಿ ಮಾರೂಕೆ ಬೆಳೆಯೂದು ಮಗಾ. ನಿನ್ನ ಸದ್ದಿಗೆ ಗೋಡೆ ಮುಚ್ಚೂಕಲ್ಲ."

"ಹದಿನೈದು ದಿನ ಬಿಡು. ಮಳೆ ಶುರುವಾದ್ರೆ ಹೆಂಚಿನ ಮೇಲೆ ಬೀಳೂ ಸದ್ದಿಗೆ ನಾಲ್ಕು ತಿಂಗ್ಳು ಎಂತದೂ ಮಾಡೂಕಾಗ."

"ಹದಿನೈದು ದಿನ ಕಳೆದ್ರೆ ಇವ್ರು ಬರೂದಿಲ್ಲ. ಮೊಳಕೆ ಬಂದ್ರೆ ಯಾರು ತಕ್ಕಂತಾರೆ?"

ಅವ್ವ ನಡುವೆ ಬಾಯಿ ಹಾಕಿದಳು. "ಬಿಡ್ರಿ ಅತ್ಲಾಗೆ. ಎರಡು ವರ್ಷದಲ್ಲಿ ಅವ ನಿಮ್ಮತ್ರ ಕೇಳಿದ್ದು ಇದೊಂದೇ."

ಅಪ್ಪ ಅಂಗಳದಲ್ಲಿ ಎರಡು ಸುತ್ತು ಹಾಕಿದ. ಆಮೇಲೆ ವ್ಯಾಪಾರಿಯ ಹತ್ತಿರ ಹೋಗಿ ಕೈ ಮುಗಿದ. "ತಪ್ಪು ತಿಳಿಬೇಡಿ ಸಾಯೇಬ್ರೆ. ನಮ್ಮ ಹುಡುಗಂದು ಒಂದು ಕೆಲಸ ಅದೆ." ಗಾಡಿ ಖಾಲಿ ವಾಪಸ್ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದೆ. ಆಗಲೇ ಹೇಳಿಬಿಡಬಹುದಿತ್ತು. ಎರಡು ಪುಟ ತಾನೆ, ಅರ್ಧ ಗಂಟೆಯ ಕೆಲಸ. ಹೇಳಲಿಲ್ಲ.

ಹೇಳಲಿಲ್ಲ ಮಾತ್ರವಲ್ಲ, ಮುಂದಿನ ವಾರ ಇನ್ನೂ ಎರಡು ಸಲ ಎರಡೆರಡು ಪುಟ ಬಿಟ್ಟು ನಕಾಶೆ ಅಂದೆ.

ಏಪ್ರಿಲ್ ಮುಗಿಯುವ ಹೊತ್ತಿಗೆ ಪುಸ್ತಕ ಮುಗಿಯಿತು. ಅಣ್ಣ ಅದನ್ನು ಧಾರವಾಡಕ್ಕೆ ಕಳಿಸಿದ ದಿನ ಅವ್ವ ಸೀಗಡಿ ತರಿಸಿ ಶೆಟ್ಲಿ ಸಾರು ಮಾಡಿದಳು. ಅಜ್ಜಿ ಹಟ್ಟಿಯಲ್ಲಿ ನಿಂತು ಎಮ್ಮೆಗೆ ಕೇಳುವ ಹಾಗೆ ಗಟ್ಟಿಯಾಗಿ ಹಾಡಿದಳು. ಮರುದಿನದಿಂದ ಅಪ್ಪ, ಮೊಳಕೆ ಬಂದ ಗೊಂಚಲುಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಹೆದ್ದಾರಿ ಬದಿಗೆ ಹೊತ್ತ.

ಫೋನು ಬಂದದ್ದು ಮೇ ಹತ್ತರ ಸುಮಾರಿಗೆ. ನಾವೆಲ್ಲ ಗಂಜಿ ಉಣ್ಣುತ್ತಿದ್ದೆವು. ಎಲ್ಲರಿಗೂ ಕೇಳಲಿ ಎಂದು ಅಣ್ಣ ಸ್ಪೀಕರ್ ಹಾಕಿದ. ಆ ಕಡೆಯ ಮೇಡಮ್ಮು ಮೊದಲು ಹೊಗಳಿದರು. ಮನೆಯಲ್ಲಿ ಮಾಡಿದ್ದೆಂದರೆ ನಮ್ಮ ಸ್ಟುಡಿಯೋದವರೇ ನಂಬಲಿಲ್ಲ ಎಂದರು. ಅವ್ವ ಅಪ್ಪನ ಮುಖ ನೋಡಿದಳು.

"ಆದರೆ ದಿವಾಕರ್, ಪುಸ್ತಕ ಮುಂದಿಟ್ಟುಕೊಂಡು ಕೇಳಿದವರು ಬರೆದಿದ್ದಾರೆ. ಮೂರು ಕಡೆ ಪುಟಗಳೇ ಇಲ್ಲವಂತೆ. ಇದು ಪರೀಕ್ಷೆ ಬರೆಯುವ ಮಕ್ಕಳ ಪುಸ್ತಕ. ಬಿಟ್ಟುಹೋಗಿದೆ ಅಂತ ಅವರಿಗೆ ಗೊತ್ತೂ ಆಗೋದಿಲ್ಲ, ಅಲ್ವಾ? ಹೀಗಾದರೆ ಮುಂದಿನ ಪುಸ್ತಕ ಕೊಡೋದು ಕಷ್ಟ."

ಅಣ್ಣನ ಕೈ ಬಟ್ಟಲಲ್ಲೇ ನಿಂತಿತ್ತು. "ನಾನು ನೋಡ್ತೇನೆ ಮೇಡಮ್," ಎಂದ.

"ಎಂತ ಆತು?" ಎಂದಳು ಅಜ್ಜಿ.

"ಕತ್ತರಿಸೂ ಹೊತ್ತಿಗೆ ನಾನೇ ಪುಟಗಟ್ಟಲೆ ಕತ್ತರಿಸಿ ಬಿಸಾಕಿದ್ದೆ ಕಾಣ್ತದೆ," ಎಂದ ಅಣ್ಣ.

ನಾನು ಗಂಜಿಯ ಬಟ್ಟಲು ಬದಿಗೆ ಸರಿಸಿದೆ. ಉಪ್ಪಿನಕಾಯಿ ಖಾರ ಎಂದು ನೀರು ಕುಡಿದೆ.

ಅವತ್ತಿನಿಂದ ಅವನು ಹುಡುಕತೊಡಗಿದ. ಕತ್ತರಿಸಿದ ಚೂರುಗಳನ್ನೆಲ್ಲ ಎಸೆಯದೆ ಒಂದು ಕಡೆ ಇಟ್ಟಿದ್ದ. ಅವನ್ನು ಒಂದೊಂದಾಗಿ ಕೇಳುತ್ತ ಕೂತ. ಬಾಗಿಲ ಸಂದಿಯಿಂದ ನಮಗೂ ಕೇಳುತ್ತಿತ್ತು. ಹುಂಜದ ಅರ್ಧ ಕೂಗು. ಲಾರಿ. ಅಪ್ಪನ "ಇಲ್ಲಿ ಕತ್ತಿ ಇಟ್ಟಿದ್ನಲೆ, ಯಾರು ತಕ್ಕಂಡ್ರಿ?" ಅವ್ವನ ಸೀನು. ಅಜ್ಜಿಯ ಹಾಡಿನ ಒಂದು ಸಾಲು, ಅದರ ಹಿಂದೆ "ಅಜ್ಜೀ, ಬಾಯಿ!" ಎಂಬ ನನ್ನ ಪಿಸುಮಾತು. ಅವನದೇ ತಪ್ಪಿದ ವಾಕ್ಯಗಳು, ನೂರಾರು. ಒಂದು ತಿಂಗಳಲ್ಲಿ ನಮ್ಮ ಮನೆ ಮಾಡಿದ ಸದ್ದೆಲ್ಲ ಅಲ್ಲಿತ್ತು.

"ನಾ ಬಿಸಾಕಿದ್ದು ಎಲ್ಲ ಅದೆ," ಎಂದ ಐದನೇ ದಿನ, ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿ. "ಪುಟ ಮಾತ್ರ ಇಲ್ಲ. ಎಲ್ಲಿ ಹೋತು ಹಾಗಾರೆ?"

"ಗೊತ್ತಿಲ್ಲ ಅಣ್ಣ," ಎಂದೆ ನಾನು.

"ನಿನ್ನ ಫೈಲ್ ನೋಡ್ವ ಅಂದ್ರೆ ಮೊಬೈಲಲ್ಲಿ ಜಾಗ ಇಲ್ದೆ ಅಂದಂದೇ ನಾನೇ ಅಳಸ್ಬಿಟ್ಟೆ. ನಿನ್ನ ಓದಿನಲ್ಲಿ ಎಂತ ತೊಂದ್ರೆ ಇರ್ಲಿಲ್ಲ ಬಿಡು. ನನ್ನ ಕೈಯೇ ಸರಿ ಇಲ್ಲ."

ಶನಿವಾರ ಊಟದ ಹೊತ್ತಿಗೆ ಅಪ್ಪ ಮಾತು ತೆಗೆದ. ಹುರುಳಿ ಸಾರು, ಒಣಮೀನು.

"ಹೊನ್ನಾವರದ ಭಾಸ್ಕರನ ಹತ್ರ ಮಾತಾಡ್ದೆ. ಅವ್ನ ಅಂಗಡಿಲಿ ಕುರ್ಚಿ ಹೆಣೆಯೂಕೆ ಜನ ಬೇಕಂತೆ. ಕಣ್ಣು ಬೇಕಂತ ಇಲ್ಲ, ಕೈಯಲ್ಲೇ ಆಗೂ ಕೆಲಸ."

ಭಾಸ್ಕರ ಎಂದರೆ ಅವ್ವನ ತಮ್ಮ. ಅವ್ವ ಸೌಟು ಕುಕ್ಕಿದಳು. "ಬಿ.ಎ. ಓದಿದ್ದು ಕುರ್ಚಿ ಹೆಣೆಯೂಕನ?"

"ಮತ್ತೆಂತ ಮಾಡೂದು ಹೇಳು! ಈರುಳ್ಳಿ ಮೊಳಕೆ ಬರೂ ತನಕ ಕಾದೆ, ನಾನೇನು ಕಾಯ್ಲಿಲ್ವನೆ? ಕಣ್ಣಿದ್ದವ್ರ ಕೆಲಸಕ್ಕೆ ಕೈ ಹಾಕಿದ್ರೆ ಹೀಂಗೇ ಆಗೂದು."

ಅಣ್ಣ ಮೀನಿನ ಮುಳ್ಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಇಡುತ್ತಿದ್ದ. "ಅಪ್ಪ ಹೇಳೂದು ಸಮ ಅದೆ," ಎಂದ. "ಸೋಮವಾರದಿಂದ ಹೋತೆ."

ಅಜ್ಜಿ ಮಾತ್ರ "ಅವ ಓದೂದು ಕೇಳೂಕೆ ಚೆಂದ ಇತ್ತಪ" ಎಂದಳು.

ಭಾನುವಾರ ಬೆಳಿಗ್ಗೆ ಪುಸ್ತಕ ತೆಗೆದುಕೊಂಡು ಮಾವಿನ ಮರದ ಕೆಳಗೆ ಕೂತೆ. ಎದುರಿಗೆ ಹೋಗಿ ಹೇಳುವ ಧೈರ್ಯ ಇರಲಿಲ್ಲ. ಮೊಬೈಲು ಹಿಡಿದು ಶುರು ಮಾಡಿದೆ. "ಅಣ್ಣ, ಪುಟ ಎಂಬತ್ನಾಲ್ಕು. ಇಲ್ಲಿ ನಕಾಶೆ ಇಲ್ಲ. ಇರ್ಲೇ ಇಲ್ಲ." ಆಮೇಲೆ ಓದಿದೆ. ಇರುವೆ ಸಾಲಿನಂಥ ಅಕ್ಷರಗಳನ್ನು ಒಂದೂ ಬಿಡದೆ ಓದಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲ ಅಲ್ಲಿದ್ದವು. ನಾವು ಬಸ್ಸಿನಲ್ಲಿ ದಾಟುವ ಹೊಳೆಗಳನ್ನೇ ನಾನು ಮಗುಚಿ ಹಾಕಿದ್ದೆ. ಮೂರೂ ಕಡೆಯ ಆರು ಪುಟ ಓದಲು ಒಂದು ಗಂಟೆಯೂ ಬೇಕಾಗಲಿಲ್ಲ.

ಅವನು ಈರುಳ್ಳಿಯಿಲ್ಲದ ಖಾಲಿ ಕೋಣೆಯಲ್ಲಿ ಕೂತು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ. ಫೋನು ಸದ್ದು ಮಾಡಿತು. ಕಿವಿಗೆ ಹಾಕಿಕೊಂಡ. ನಾನು ಬಾಗಿಲಲ್ಲಿ ನಿಂತೆ. ಶುರುವಿನ ಮಾತಿಗೇ ಅವನು ಎದ್ದು ಬರುತ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಆರೂ ಪುಟ ಕೊನೆಯವರೆಗೆ ಕೇಳಿದ. ಆಮೇಲೆ ಇಯರ್‌ಫೋನ್ ತೆಗೆದು ವೈರನ್ನು ಬೆರಳಿಗೆ ಸುತ್ತಿದ.

"ಇಲ್ಲೇ ಅದೀಯಲ್ಲೆ?"

"ಹ್ಞೂಂ."

"ಮೂರೂ ನೀನೇಯ?"

"ಮೂರೂ."

"ಮೊದ್ಲನೇದು ಕಾಸರಕೋಡಿಗೆ ಹೋದ ದಿನ."

"ಹ್ಞೂಂ."

"ಎರಡನೇದು?"

"ನಮ್ಮ ಕ್ಲಾಸಿನ ದಿವ್ಯಶ್ರೀ ವಿಡಿಯೋ ಕಾಲ್ ಮಾಡಿದ್ಲು. ಹೊತ್ತಾಗಿತ್ತು."

"ಮೂರನೇದು?"

ಆ ದಿನ ಬಸ್ಸೂ ಇರಲಿಲ್ಲ, ಗೆಳತಿಯೂ ಇರಲಿಲ್ಲ.

"ಎಂತಕೂ ಅಲ್ಲ. ಹೇಳಿದ್ರೆ ನೀ ನಂಬ್ತೆ ಅಂತ ಗೊತ್ತಿತ್ತು. ಅದ್ಕೆ."

ಅವನು ಬೆರಳಿಗೆ ಸುತ್ತಿದ ವೈರನ್ನು ಮತ್ತೆ ಬಿಚ್ಚಿದ. ಬಯ್ಯಲಿ ಎಂದು ಕಾದೆ.

"ಎಂಟು ದಿನ ಆತಲೆ," ಎಂದ. "ಹುಂಜ ಕೂಗಿದ್ದೂ ಕೇಳಿದೆ, ಅವ್ವ ಸೀನಿದ್ದೂ ಕೇಳಿದೆ. ನೀ ಇರ್ಬಹುದು ಅಂತ ಒಂದ್ಸಲಾನೂ ಬರ್ಲಿಲ್ಲ ನನ್ನ ತಲೆಗೆ."

"ಅಣ್ಣ..."

"ಊಟಕ್ಕೆ ಕೂತಾಗ ಎಲ್ಲರ ಎದ್ರಿಗೆ ನೀನೇ ಹೇಳು. ನಾ ಹೇಳೂದಿಲ್ಲ."

ಹೇಳಿದೆ. ಬಸಳೆ ಹುಳಿ ಬಡಿಸುವ ಮೊದಲೇ ಹೇಳಿದೆ, ಬಡಿಸಿದ ಮೇಲೆ ಆಗುತ್ತಿರಲಿಲ್ಲ. ಅವ್ವ ಸೌಟು ಎತ್ತಿದವಳು ಹೊಡೆಯುತ್ತಾಳೆ ಅಂದುಕೊಂಡೆ. ಸೌಟು ಪಾತ್ರೆಗೆ ಇಟ್ಟು ಒಳಗೆ ಹೋದಳು. ಅಪ್ಪ ತಟ್ಟೆ ನೋಡುತ್ತ, "ಜಾಲಿಯವ್ರಿಗೆ ಕೈ ಮುಗ್ದು ಕಳ್ಸಿದ್ನಲೆ ನಾನು," ಎಂದ. "ಕಣ್ಣಿದ್ದವ್ರ ಕೆಲಸಕ್ಕೆ ಕೈ ಹಾಕ್ದ ಅಂತ ಅವನಿಗೇ ಅಂದ್ಬಿಟ್ಟೆ." ಆಮೇಲೆ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ.

ಅಜ್ಜಿ ಬಯ್ಯಲೇ ಇಲ್ಲ. "ಒಂದು ತಿಂಗ್ಳು ನಾ ಹಾಡ್ದೆ ಇದ್ದೆ ಹುಡ್ಗಿ," ಎಂದಳು ಅಷ್ಟೇ. "ನೀ ಬಾಯಿ ಮುಚ್ಚು ಅಂದಿದ್ಕೆ ಮುಚ್ಕಂಡಿದ್ದೆ."

ಸೋಮವಾರ ಅಣ್ಣ ಹೊನ್ನಾವರಕ್ಕೆ ಹೋಗಲಿಲ್ಲ. ಹತ್ತು ಗಂಟೆಗೆ ಧಾರವಾಡಕ್ಕೆ ಫೋನು ಮಾಡಿದ. ಕತ್ತರಿಸಿದ್ದರಲ್ಲಿ ತಪ್ಪಾಗಿಲ್ಲ, ಓದುವಾಗಲೇ ಬಿಟ್ಟುಹೋಗಿದೆ, ನನ್ನ ತಪ್ಪು, ಸರಿಮಾಡಿ ಕೊಡುತ್ತೇನೆ ಎಂದ. ನಾನು ಅವನ ತೋಳು ಜಗ್ಗಿದೆ.

"ನನ್ನ ತಪ್ಪು ಅಂತ ಹೇಳು. ನೀ ಎಂತಕೆ ತಕ್ಕಂತೆ?"

ಅವನು ಫೋನಿಗೆ ಕೈ ಅಡ್ಡ ಹಿಡಿದ. "ಕೇಳೂ ಮಕ್ಕಳಿಗೆ ನೀ ಯಾರು? ಅವ್ರಿಗೆ ಕೇಳೂದು ನನ್ನ ದನಿ. ನಕಾಶೆ ಇದೆ ಅಂತ ಹೇಳ್ದವ ನಾನು."

ನಾನು ಫೋನು ಕಸಿದುಕೊಂಡೆ. "ಮೇಡಮ್, ಓದಿ ಕೊಟ್ಟದ್ದು ನಾನು. ಅವನ ತಂಗಿ. ಪುಟ ಬಿಟ್ಟು, ನಕಾಶೆ ಇದೆ ಅಂತ ಸುಳ್ಳು ಹೇಳಿದೆ."

"ನಿಮಗೆ ಕಣ್ಣು ಕಾಣುತ್ತಾ?" ಎಂದು ಕೇಳಿದರು.

"ಹೌದು ಮೇಡಮ್."

"ಫೋನ್ ಅಣ್ಣನಿಗೆ ಕೊಡಿ."

ಮೇ ಮೂವತ್ತೊಂದರೊಳಗೆ ಆರು ಪುಟ ಕಳಿಸಬೇಕು, ಮೊದಲಿನ ದನಿಗೆ ಹೊಂದಬೇಕು, ತೇಪೆ ಹಾಕಿದ್ದು ಗೊತ್ತಾಗಬಾರದು, ಆಮೇಲೆ ನೋಡೋಣ ಎಂದರಂತೆ.

ಆದರೆ ಕೋಣೆ ಖಾಲಿ. ಅಣ್ಣ ನಡುವೆ ನಿಂತು ಚಪ್ಪಾಳೆ ತಟ್ಟಿದ. ಟಣ್ ಎಂದಿತು. ಮನೆಯಲ್ಲಿದ್ದ ಕಂಬಳಿ, ಗೋದಡಿ, ಅಜ್ಜಿಯ ಸೀರೆಗಳು, ಎಲ್ಲ ತಂದು ಗಳಕ್ಕೆ ಹಾಕಿದೆವು. ಮತ್ತೆ ತಟ್ಟಿದ. "ಕಮ್ಮಿ ಆತು. ಆದ್ರೆ ಅದಲ್ಲ." ಅಪ್ಪ ಹೊರಗೆ ಹೋದ. ಮೊಳಕೆ ಬಂದು ಮಾರಾಟವಾಗದೆ ಉಳಿದಿದ್ದ ಗೊಂಚಲು, ಬಿತ್ತನೆಗೆಂದು ಆರಿಸಿಟ್ಟಿದ್ದ ಗೊಂಚಲು, ಎಲ್ಲ ಹೊತ್ತು ತಂದು ಕೆಳಗೆ ಹಾಕಿ, ಏಣಿ ನಿಲ್ಲಿಸಿ, ನನ್ನ ಕಡೆ ನೋಡಿದ. ನಾನು ಏರಿದೆ. ಅವನು ಒಂದೊಂದಾಗಿ ಎತ್ತಿ ಕೊಟ್ಟ, ನಾನು ಒಂದೊಂದಾಗಿ ಕಟ್ಟಿದೆ. ಕಣ್ಣಲ್ಲಿ ನೀರು ಬಂದರೆ ಈರುಳ್ಳಿ ಮೇಲೆ ಹಾಕಬಹುದಿತ್ತು, ಆದರೆ ಒಣಗಿದ ಈರುಳ್ಳಿಗೆ ಕಣ್ಣು ಉರಿಯುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತು.

ಅಣ್ಣ ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಕೇಳಿ, "ಆತು," ಎಂದ. "ಮೂವತ್ತು ಸೆಕೆಂಡ್!"

ಅವ್ವ ಇದ್ದಲ್ಲೇ ನಿಂತಳು. ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ನಾನು ಹಿತ್ತಲಲ್ಲಿ ಹುಂಜದ ಬುಟ್ಟಿಯ ಮೇಲೆ ಎರಡೂ ಕೈ ಒ‌ತ್ತಿಕೊಂಡು ಕೂತೆ.

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಧಾರವಾಡದಿಂದ ಎರಡನೇ ಪುಸ್ತಕ ಬಂತು. ಜೊತೆಗೊಂದು ಕಾಗದ. ಅಣ್ಣನ ಹೆಸರು ಪಟ್ಟಿಯಲ್ಲಿ ಸೇರಿತ್ತು. ಕಾಗದವನ್ನು ಓದಿದ್ದು ನಾನು. ಅಣ್ಣ ಅದನ್ನು ಮಡಚಿ ಇಟ್ಟುಕೊಂಡು, ಸಂಜೆ ಮೀನಿನ ಗಾಡಿಯವನ ಕೈಯಲ್ಲಿ ಇನ್ನೊಮ್ಮೆ ಓದಿಸಿದ. ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಸೋಸುತ್ತ ಕೇಳಿಸಿಕೊಂಡೆ. ನಾನು ಓದಿದ್ದೇ ಇತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಳೆಯಲ್ಲಿ ರೆಕಾರ್ಡ್ ಮಾಡಲು ಆಗದು. ಅಕ್ಟೋಬರಿನೊಳಗೆ ನಾನು ಓದಿ ತುಂಬಿಸಿ ಇಡಬೇಕೆಂದು ಮಾತಾಯಿತು. ಈಗ ಮಾವಿನ ಮರದ ಕೆಳಗೆ ಅಲ್ಲ, ಜಗಲಿಯಲ್ಲಿ, ಅಣ್ಣನ ಪಕ್ಕದಲ್ಲೇ. ವಿಜ್ಞಾನದ ಪುಸ್ತಕ. ನಾಲ್ಕು ಪುಟ ಓದಿದೆ. ಐದನೆಯದನ್ನು ಮಗುಚಿ ನಿಂತೆ.

"ಅಣ್ಣ, ಇಲ್ಲಿ ಒಂದು ಚಿತ್ರ ಅದೆ. ಎಲೆದು. ಇಡೀ ಪುಟ."

ಹೆಂಚಿನ ನೀರು ಅಂಗಳಕ್ಕೆ ಸುರಿಯುತ್ತಿತ್ತು. ಅಣ್ಣ ಒಳಗಿನ ಕಡೆ ತಿರುಗಿ ಕರೆದ.

"ಅಜ್ಜೀ, ಕನ್ನಡಕ ಹಾಕ್ಕಂಡು ಬಾ."

ಅಜ್ಜಿ ಎಂದೂ ಶಾಲೆಗೆ ಹೋದವಳಲ್ಲ. ಹಾಡು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅಣ್ಣ ನನ್ನ ಕೈಯಿಂದ ಪುಸ್ತಕ ತೆಗೆದು ಅವಳ ಎದುರು ಹಿಡಿದ.

"ಇದ್ರಲ್ಲಿ ಎಂತ ಕಾಣ್ತದೆ? ಅಕ್ಷರನ, ಚಿತ್ರನ?"

ಅಜ್ಜಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಪುಸ್ತಕವನ್ನು ಬೆಳಕಿಗೆ ಹಿಡಿದು ಬಗ್ಗಿದಳು.

"ಎಲೆ ಮಗಾ," ಎಂದಳು. "ಬಸಳೆ ಎಲೆಯಂಗೆ ಅದೆ, ನರ ಎಲ್ಲ ಬಿಡ್ಸಿದಾರೆ. ಕೆಳಗೆ ಸಣ್ಣ ಅಕ್ಷರ ಅದೆ. ಅದ ನಂಗೆ ತಿಳಿಯೂದಿಲ್ಲ."

"ಸಾಕು ಅಜ್ಜಿ. ಅಕ್ಷರ ಅವ್ಳು ಓದ್ತಾಳೆ."

ಅಣ್ಣ ಪುಸ್ತಕವನ್ನು ನನ್ನ ಕೈಗೆ ವಾಪಸ್ ಕೊಟ್ಟ. ಅಜ್ಜಿ ಒಳಗೆ ಹೋಗಲಿಲ್ಲ. ಕವಳದ ತಟ್ಟೆ ಹತ್ತಿರ ಎಳೆದುಕೊಂಡು, ಕನ್ನಡಕ ಹಾಕಿಕೊಂಡೇ ನನ್ನ ಎದುರಿಗೆ ಕೂತಳು.

ನಾನು ಓದತೊಡಗಿದೆ.